ಸ್ವಇಚ್ಛೆಯ ಒಪ್ಪಿಗೆ: ದಾಂಪತ್ಯ, ನ್ಯಾಯಾಲಯ ಮತ್ತು ನಮ್ಮ ಧರ್ಮಸಭೆ



ಕ್ರಿಸ್ಮಸ್ ಕಳೆದ ಬೆನ್ನಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಆ ಹೊತ್ತಿಗೆ ಮೂಡಿಗೆರೆ, ಕಳಸದ ಕಡೆ ಕಾಫಿ ಕುಯ್ಲು ಭರದಲ್ಲಿರುತ್ತದೆ. ಕಣದಲ್ಲಿ ಹಣ್ಣು ಹರಡಿಟ್ಟು ಬಂದವರಿಗೆ ಬಲಿಪೂಜೆ ಬೇಗ ಮುಗಿದರೆ ಸಾಕು ಎನಿಸಿರುತ್ತದೆ. ಆದರೂ ಆ ದಿನದ ಒಂದು ವಾಚನಕ್ಕೆ ಎಲ್ಲರ ಕಿವಿಯೂ ನಿಮಿರುತ್ತದೆ. ಸಂತ ಪೌಲರು ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ, ಹೆಂಡತಿಯರು ಗಂಡಂದಿರಿಗೆ ವಿಧೇಯರಾಗಿರಬೇಕು ಎಂಬ ಮಾತು ಬರುತ್ತದೆ. ಗಂಡಸರ ಸಾಲಿನಲ್ಲಿ ಸಣ್ಣ ನಗು ಹರಿದಾಡುತ್ತದೆ. ಅದರ ಮುಂದಿನ ವಾಕ್ಯ ಗಂಡಂದಿರಿಗೆ ಹೇಳಿದ್ದು: ಹೆಂಡತಿಯನ್ನು ಪ್ರೀತಿಸಬೇಕು, ಆಕೆಯೊಡನೆ ಕಠೋರವಾಗಿ ನಡೆದುಕೊಳ್ಳಬಾರದು. ಅದನ್ನು ಓದುವಾಗ ಮೊದಲಿನ ನಗುವೇ ಇನ್ನೂ ಮುಗಿದಿರುವುದಿಲ್ಲ!

ಇತ್ತೀಚಿನ ವರ್ಷಗಳಲ್ಲಿ ನ್ಯಾಯಾಲಯಗಳು ದಾಂಪತ್ಯದ ಬಗ್ಗೆ ಒಂದರ ಮೇಲೊಂದು ತೀರ್ಪು ನೀಡಿವೆ. ವಾರ್ಡಿನ ಕೂಟಗಳಲ್ಲಿ, ಮನೆ ಆಶೀರ್ವಾದಕ್ಕೆ ಹೋದಲ್ಲಿ, ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಫಾದರ್, ವ್ಯಭಿಚಾರ ಅಪರಾಧವಲ್ಲ ಅಂತ ಕೋರ್ಟೇ ಹೇಳಿದ ಮೇಲೆ ಮದುವೆಗೆ ಏನು ಬೆಲೆ ಉಳಿಯಿತು?" ಪ್ರಶ್ನೆಯ ಹಿಂದೆ ಭಯವಿದೆ. ಆ ಭಯವನ್ನು ತಳ್ಳಿಹಾಕುವ ಬದಲು ತೀರ್ಪುಗಳು ನಿಜವಾಗಿ ಏನು ಹೇಳಿವೆ, ಧರ್ಮಸಭೆ ಏನು ಬೋಧಿಸುತ್ತದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ನಮ್ಮ ವಿವಾಹ ಸಂಸ್ಕಾರ ಆರಂಭವಾಗುವುದು ಒಂದು ಪ್ರಶ್ನೆಯಿಂದ. ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ಬಂದಿದ್ದೀರಾ ಎಂದು ಗುರುವು ವಧುವರರಿಬ್ಬರನ್ನೂ ಕೇಳುತ್ತಾನೆ. ತಾಳಿ, ಉಂಗುರ, ಆಶೀರ್ವಾದ ಎಲ್ಲವೂ ಆ ಉತ್ತರ ಬಂದ ಮೇಲೆಯೇ. ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ನಿಯಮದಂತೆ ವಿವಾಹವನ್ನು ಉಂಟುಮಾಡುವುದು ಈ ಒಪ್ಪಿಗೆಯೇ. ಬೇರೆ ಯಾವ ಮಾನವ ಶಕ್ತಿಯೂ ಅದರ ಜಾಗ ತುಂಬಲಾರದು. ಅಪ್ಪನಾಗಲಿ, ಧಣಿಯಾಗಲಿ, ಧರ್ಮಗುರುವಾಗಲಿ ಹುಡುಗಿಯ ಪರವಾಗಿ "ಹೌದು" ಎನ್ನುವಂತಿಲ್ಲ. ಈ ಪ್ರಶ್ನೆ ಮದುವೆಯ ದಿನ ಒಮ್ಮೆ ಕೇಳಿ ಮುಗಿಸುವಂಥದ್ದೇ? ಮದುವೆಯ ಮರುದಿನದಿಂದ ಆಕೆಯ ಇಚ್ಛೆಗೆ ಬೆಲೆಯಿಲ್ಲವೇ? ನ್ಯಾಯಾಲಯಗಳು ತಮ್ಮ ಭಾಷೆಯಲ್ಲಿ ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ.

ಮೊದಲು ನಮ್ಮ ಮನೆಯ ಕಾನೂನನ್ನೇ ನೋಡೋಣ. ಕ್ರೈಸ್ತರ ವಿಚ್ಛೇದನಕ್ಕೆ ಸಂಬಂಧಿಸಿದ ಕಾಯ್ದೆ ಬ್ರಿಟಿಷರು 1869ರಲ್ಲಿ ಮಾಡಿದ್ದು. ಇಂಗ್ಲೆಂಡಿನ 1857ರ ಕಾಯ್ದೆ ಅದಕ್ಕೆ ಮಾದರಿ. ಅದರ 10ನೇ ಕಲಮಿನಂತೆ, ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ಅಥವಾ ಅಂಥದೇ ಮತ್ತೊಂದು ಘೋರ ತಪ್ಪನ್ನೋ ಸೇರಿಸಿ ಸಾಬೀತುಪಡಿಸಬೇಕಿತ್ತು. ಗಂಡ ದಿನವೂ ಕುಡಿದು ಬಂದು ಹೊಡೆಯುತ್ತಾನೆ, ಆದರೆ ಪರಸ್ತ್ರೀ ಸಂಗವಿಲ್ಲ ಎಂದಿಟ್ಟುಕೊಳ್ಳಿ. ಆಗ ಆ ಹೆಂಗಸಿಗೆ ದೊರೆಯುತ್ತಿದ್ದುದು ಹೆಚ್ಚೆಂದರೆ ನ್ಯಾಯಾಲಯದ ಮೂಲಕ ಬೇರೆ ವಾಸಿಸುವ ಅನುಮತಿ ಮಾತ್ರ. ಇನ್ನೊಂದು ಕಲಮಂತೂ ಓದಿದರೆ ನಾಚಿಕೆಯಾಗುತ್ತದೆ. ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡ ಗಂಡಸಿನಿಂದ ಗಂಡನು ನಷ್ಟಪರಿಹಾರದ ಹಣ ಕೇಳಬಹುದಿತ್ತು, ಬೇಲಿ ಹಾರಿ ಬಂದ ದನ ಗಿಡ ತಿಂದರೆ ದಂಡ ಕೇಳುವ ಹಾಗೆ.

ಮೂಲ ಕಾನೂನು ಮಾಡಿದ ಇಂಗ್ಲೆಂಡ್ 1923ರಲ್ಲೇ ಈ ತಾರತಮ್ಯವನ್ನು ತೆಗೆದುಹಾಕಿತು. ನಾವು ಮಾತ್ರ ಸ್ವಾತಂತ್ರ್ಯ ಬಂದು, ಸಂವಿಧಾನದ 14 ಮತ್ತು 15ನೇ ವಿಧಿಗಳಲ್ಲಿ ಸಮಾನತೆಯನ್ನು ಬರೆದುಕೊಂಡ ಮೇಲೂ ಅರ್ಧ ಶತಮಾನ ಅದನ್ನೇ ಹೊತ್ತು ನಡೆದೆವು. 1995ರಲ್ಲಿ ಕೇರಳ ಹೈಕೋರ್ಟಿನ ಪೂರ್ಣ ಪೀಠವು ಕ್ರೈಸ್ತ ಮಹಿಳೆಯರ ಅರ್ಜಿಗಳ ಮೇಲೆ, ಹೆಂಡತಿಗೆ ಮಾತ್ರ ಎರಡೆರಡು ಆರೋಪಗಳ ಹೊರೆ ಹೊರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಇಷ್ಟವಿಲ್ಲದ, ಕ್ರೌರ್ಯ ತುಂಬಿದ ಬಂಧನದಲ್ಲೇ ಬದುಕು ಎಂದು ಬಲವಂತ ಮಾಡುವುದು 21ನೇ ವಿಧಿಯ ಜೀವಿಸುವ ಹಕ್ಕಿಗೂ ಧಕ್ಕೆ ಎಂದಿತು. 1997ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠವೂ ಅದೇ ದಾರಿಯಲ್ಲಿ ನಡೆಯಿತು. ಕೊನೆಗೆ 2001ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಕಾರಣಗಳು ಗಂಡ ಹೆಂಡತಿಯರಿಬ್ಬರಿಗೂ ಒಂದೇ ಆದವು. ನಷ್ಟಪರಿಹಾರದ ಆ ಕಲಮು ಹೋಯಿತು. ಮೊಕದ್ದಮೆ ನಡೆಯುವಾಗ ಹೆಂಡತಿಗೆ ಕೊಡುವ ಜೀವನಾಂಶ ಗಂಡನ ಆದಾಯದ ಐದನೇ ಒಂದು ಭಾಗವನ್ನು ಮೀರಬಾರದೆಂಬ ಮಿತಿಯೂ ಹೋಯಿತು. ಜಿಲ್ಲಾ ನ್ಯಾಯಾಲಯದ ವಿಚ್ಛೇದನದ ಆದೇಶವನ್ನು ಹೈಕೋರ್ಟ್ ಮತ್ತೆ ದೃಢೀಕರಿಸಬೇಕೆಂಬ ನಿಯಮವನ್ನೂ ಕೈಬಿಟ್ಟರು. ಮಲೆನಾಡಿನ ಮೂಲೆಯಿಂದ ಬೆಂಗಳೂರಿಗೆ ಅಲೆಯಬೇಕಾದವರಿಗೆ ಇದು ಸಣ್ಣ ಸಂಗತಿಯೇನಲ್ಲ.

ಅದೇ ತಿದ್ದುಪಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಆದರೆ ಕ್ರೈಸ್ತರು ಎರಡು ವರ್ಷ ಬೇರೆ ವಾಸಿಸಿರಬೇಕು ಎಂದು ಬರೆದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದೇ ವರ್ಷ. 2010ರಲ್ಲಿ ಕೇರಳ ಹೈಕೋರ್ಟ್, 2014ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಈ ವ್ಯತ್ಯಾಸ ಸಲ್ಲದು, ಒಂದು ವರ್ಷ ಸಾಕು ಎಂದವು. 2022ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಒಂದು ವರ್ಷ ಕಾಯಲೇಬೇಕೆಂಬ ಷರತ್ತನ್ನೂ ಅಸಂವಿಧಾನಿಕ ಎಂದಿತು.

ಇಲ್ಲಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬೇಕು. ವಿವಾಹ ಬಂಧನ ಬಿಡಿಸಲಾಗದ್ದು ಎಂದು ಬೋಧಿಸುವ ಗುರುಗಳೇ ವಿಚ್ಛೇದನ ಸುಲಭವಾದದ್ದನ್ನು ಮೆಚ್ಚಿ ಬರೆಯುವುದೇ? ಧರ್ಮಸಭೆಯ ಬೋಧನೆ ಎಳ್ಳಷ್ಟೂ ಬದಲಾಗಿಲ್ಲ. ಸಿಂಧುವಾದ ವಿವಾಹ ಸಂಸ್ಕಾರವನ್ನು ಯಾವ ಜಿಲ್ಲಾ ನ್ಯಾಯಾಧೀಶರೂ ಕರಗಿಸಲಾರರು. ಆದರೆ ಧರ್ಮಸಭೆಯ ಬೋಧನೆಯನ್ನು ಪೂರ್ತಿ ಓದಬೇಕು. ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದವು, ನ್ಯಾಯವಾದ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು, ಆಸ್ತಿಯ ಪಾಲನ್ನು ಕಾಪಾಡಿಕೊಳ್ಳಲು ಬೇರೆ ದಾರಿಯಿಲ್ಲದಿದ್ದರೆ ನಾಗರಿಕ ವಿಚ್ಛೇದನ ಪಡೆಯುವುದು ಪಾಪವಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಪಡೆದು ಮರುಮದುವೆಯಾಗದೆ ಬಾಳುವ ಹೆಂಗಸನ್ನು ಪರಮಪ್ರಸಾದದಿಂದ ದೂರವಿಡಲು ಕಾರಣವೇ ಇಲ್ಲ. "ಡೈವೋರ್ಸ್ ಆದವಳು" ಎಂದು ಆಕೆ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂರುವಂತಾಗಿದ್ದರೆ ಅದು ಊರಿನ ಕಾನೂನು, ಧರ್ಮಸಭೆಯದ್ದಲ್ಲ.

ಇದಕ್ಕಿಂತಲೂ ಕಡಿಮೆ ಜನರಿಗೆ ಗೊತ್ತಿರುವುದು 1153ನೇ ನಿಯಮ. ಸಂಗಾತಿಯು ತನ್ನ ಜೊತೆಗಾರರ ಅಥವಾ ಮಕ್ಕಳ ಆತ್ಮಕ್ಕಾಗಲಿ ದೇಹಕ್ಕಾಗಲಿ ಗಂಭೀರ ಅಪಾಯ ತಂದರೆ, ಬಾಳನ್ನು ಸಹಿಸಲಾಗದಷ್ಟು ಕಠಿಣವಾಗಿಸಿದರೆ, ಬೇರೆ ವಾಸಿಸಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ ಅದು. ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಅನುಮತಿ ಬೇಕು. ತಡ ಮಾಡಿದರೆ ಅಪಾಯ ಎಂದಾದರೆ ತಾನಾಗಿಯೇ ಹೊರಡಬಹುದು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಪ್ರಕಟಿಸಿದ, ಕುಟುಂಬ ಪ್ರೀತಿಯ ಕುರಿತ ಪ್ರೇಷಿತ ಪ್ರಬೋಧನೆಯಲ್ಲಿಯೂ, ದುರ್ಬಲ ಸಂಗಾತಿಯನ್ನು ಮತ್ತು ಮಕ್ಕಳನ್ನು ಹಿಂಸೆಯಿಂದ ಉಳಿಸಲು ಬೇರ್ಪಡುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವಾದೀತು ಎಂದಿದ್ದಾರೆ. ರಾತ್ರಿ ಹೊಡೆತ ತಿಂದು ಬೆಳಿಗ್ಗೆ ಗುರುಮನೆಯ ಬಾಗಿಲು ತಟ್ಟುವ ಹೆಂಗಸಿಗೆ, "ಶಿಲುಬೆ ಹೊರಬೇಕಮ್ಮ, ಹೊಂದಿಕೊಂಡು ಹೋಗು" ಎಂದು ಹೇಳಿ ಕಳಿಸುವವರು, ಅವರು ಗುರುಗಳಿರಲಿ, ಗುರ್ಕಾರರಿರಲಿ, ತವರಿನ ಹಿರಿಯರಿರಲಿ, ಯಾವ ನಿಯಮದ ಆಧಾರದಲ್ಲಿ ಹೇಳುತ್ತಾರೆ? ಹೆರೋದನ ಕತ್ತಿ ಬಂದಾಗ ಪವಿತ್ರ ಕುಟುಂಬವೂ ಮನೆಯಲ್ಲಿ ಕೂತು ಸಹಿಸಲಿಲ್ಲ. ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಿತು.

ಇನ್ನು, ನಮ್ಮ ಜನರನ್ನು ಕಾನೂನಿನ ತೊಡಕಿಗೆ ಸಿಲುಕಿಸುವ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಧರ್ಮಸಭೆಯ ನ್ಯಾಯಮಂಡಳಿಯಲ್ಲಿ ವಿವಾಹ ಅಸಿಂಧು ಎಂದು ತೀರ್ಪಾದರೆ ಎಲ್ಲವೂ ಮುಗಿಯಿತು, ಇನ್ನೊಂದು ಮದುವೆಯಾಗಬಹುದು ಎಂದು ಬಹಳ ಮಂದಿ ನಂಬಿದ್ದಾರೆ. 1996ರಲ್ಲಿ ಸುಪ್ರೀಂ ಕೋರ್ಟ್ ಇದು ಸರಿಯಲ್ಲ ಎಂದಿತು: 1869ರ ಕಾಯ್ದೆ ಇರುವಾಗ, ಧರ್ಮಸಭೆಯ ತೀರ್ಪಿಗೆ ನಾಗರಿಕ ಕಾನೂನಿನಲ್ಲಿ ಬೆಲೆಯಿಲ್ಲ. ಮುಂದೆ ನಮ್ಮ ನೆರೆಯ ಮಂಗಳೂರಿನ ವಕೀಲರೂ ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಮುಂದಾಳುವೂ ಆಗಿದ್ದ ಕ್ಲಾರೆನ್ಸ್ ಪಾಯಸ್ ಅವರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಮುಸ್ಲಿಮರ ತಲಾಖನ್ನು ಕಾನೂನು ಒಪ್ಪುವುದಾದರೆ ಕಥೋಲಿಕರ ಧರ್ಮಸಭಾ ಕಾನೂನಿನ ತೀರ್ಪನ್ನೇಕೆ ಒಪ್ಪಬಾರದು, ಅದನ್ನು ನಂಬಿ ಮರುಮದುವೆಯಾದವರು ದ್ವಿಪತ್ನಿತ್ವದ ಆರೋಪಕ್ಕೆ ಗುರಿಯಾಗಬೇಕೇ ಎಂಬುದು ಅವರ ವಾದ. 2017ರ ಜನವರಿ 19ರಂದು ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾಗೊಳಿಸಿತು.

ಈ ತೀರ್ಪಿನಿಂದ ನಮ್ಮವರಲ್ಲಿ ಕೆಲವರಿಗೆ ಬೇಸರವಾಯಿತು. ಪಾಯಸ್ ಅವರ ಕಾಳಜಿಯಲ್ಲಿ ಸತ್ಯವಿತ್ತು ಎಂದು ನಾವೂ ಒಪ್ಪುತ್ತೇವೆ. ಎರಡೆರಡು ಕಡೆ ಅಲೆಯುವ ಕಷ್ಟ ಸಣ್ಣದಲ್ಲ. ಆದರೂ ನ್ಯಾಯಾಲಯ ಮಾಡಿದ್ದು ಸರಿಯೆಂದೇ ನಮ್ಮ ಅನಿಸಿಕೆ. ನಮ್ಮ ನ್ಯಾಯಮಂಡಳಿ ಪರೀಕ್ಷಿಸುವುದು ಮದುವೆಯ ದಿನ ನಿಜವಾದ ಒಪ್ಪಿಗೆ ಇತ್ತೇ ಎಂಬುದನ್ನು. ಜೀವನಾಂಶದ ಆದೇಶ ಹೊರಡಿಸಿ ಜಾರಿಮಾಡುವ, ಮನೆಯಿಂದ ಹೊರಹಾಕದಂತೆ ತಡೆಯುವ, ಬ್ಯಾಂಕಿನ ಹಣ ಬಿಡಿಸಿಕೊಡುವ ಅಧಿಕಾರ ಅದಕ್ಕಿಲ್ಲ. ಅದರ ತೀರ್ಪೊಂದೇ ಸಾಕೆಂದಾದರೆ, ಕೈಯಲ್ಲಿ ಕಾಸಿಲ್ಲದ ಹೆಂಡತಿ ಜೀವನಾಂಶ ಕೇಳಲು ಯಾರ ಬಾಗಿಲಿಗೆ ಹೋಗಬೇಕು? ಅಂದಹಾಗೆ, ಬಲವಂತದಿಂದ ಅಥವಾ ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ಅಸಿಂಧುವೆಂದು ಸಾರಬಹುದು ಎಂಬ ಮಾತು 1869ರ ಕಾಯ್ದೆಯ 19ನೇ ಕಲಮಿನಲ್ಲೂ ಇದೆ. ಈ ಒಂದು ಬಿಂದುವಿನಲ್ಲಿ ಇಬ್ಬರ ಮಾತೂ ಒಂದೇ.

ಹಾಗಾಗಿ ನೆನಪಿಡಿ: ಧರ್ಮಸಭೆಯ ತೀರ್ಪು ಬೇರೆ, ಸರ್ಕಾರಿ ನ್ಯಾಯಾಲಯದ ತೀರ್ಪು ಬೇರೆ. ಇಗರ್ಜಿಯಲ್ಲಿ ಮತ್ತೆ ಮದುವೆಯಾಗಬೇಕಾದರೆ ಎರಡೂ ಕೈಯಲ್ಲಿರಬೇಕು. ನ್ಯಾಯಮಂಡಳಿಗೆ ಹೋಗುವುದೆಂದರೆ ಹತ್ತು ವರ್ಷ ಎಂದು ಹೆದರುವವರಿಗೆ ಇನ್ನೊಂದು ಮಾತು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಈ ವಿಧಾನವನ್ನು ಸರಳಗೊಳಿಸಿದರು. ಎರಡು ನ್ಯಾಯಮಂಡಳಿಗಳು ಒಂದೇ ತೀರ್ಪು ಕೊಡಬೇಕೆಂಬ ಹಳೆಯ ನಿಯಮ ಈಗಿಲ್ಲ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿತು. ಆ ಕಲಮಿನಲ್ಲಿ ಏನಿತ್ತೆಂದು ಓದಿದವರು ಕಡಿಮೆ. ಇನ್ನೊಬ್ಬನ ಹೆಂಡತಿಯೊಡನೆ, ಆ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಬೆಳೆಸಿದ ಗಂಡಸಿಗೆ ಐದು ವರ್ಷದವರೆಗೆ ಸಜೆ. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ಗಂಡ ಮದುವೆಯಾಗದ ಹೆಂಗಸಿನ ಸಹವಾಸ ಮಾಡಿದರೆ ಅದೂ ಅಪರಾಧವಲ್ಲ, ಹೆಂಡತಿ ದೂರು ಕೊಡುವಂತೆಯೂ ಇಲ್ಲ. ಇಂಥ ಕಲಮು ವಿವಾಹದ ಪಾವಿತ್ರ್ಯವನ್ನು ಕಾಯುತ್ತಿತ್ತು ಎಂದು ನಾವು ಹೇಗೆ ಹೇಳುವುದು? ಅದು ಕಾಯುತ್ತಿದ್ದುದು ಗಂಡನ ಸ್ವತ್ತನ್ನು. 1985ರಲ್ಲಿ ಇದೇ ಕಲಮನ್ನು ಎತ್ತಿಹಿಡಿದಿದ್ದವರು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್, 2018ರಲ್ಲಿ ಅದನ್ನು ರದ್ದುಪಡಿಸಿದ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಇದ್ದರು. ವ್ಯಭಿಚಾರ ಇಂದಿಗೂ ವಿಚ್ಛೇದನಕ್ಕೆ ಕಾರಣ. ಪಾಪವಂತೂ ಹೌದು, ಇಬ್ಬರಿಗೂ ಸಮನಾಗಿ. ಜೈಲಿನ ಶಿಕ್ಷೆ ಹೋಯಿತು, ಆರನೆಯ ಆಜ್ಞೆ ಹೋಗಲಿಲ್ಲ.

ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರನ್ನು ನೋಡಿ. ಮರಿಯಮ್ಮ ಗರ್ಭಿಣಿ ಎಂದು ತಿಳಿದಾಗ ಆಕೆಯನ್ನು ಸಭೆಯ ಮುಂದೆ ನಿಲ್ಲಿಸಲು ಅಂದಿನ ಕಾನೂನು ಅವರ ಕೈಗೆ ಕಲ್ಲನ್ನೇ ಕೊಟ್ಟಿತ್ತು. ಶುಭಸಂದೇಶವು ಅವರನ್ನು ನೀತಿವಂತ ಎಂದು ಕರೆಯುವುದು, ಅವರು ಆಕೆಯನ್ನು ಅವಮಾನಕ್ಕೆ ಗುರಿಮಾಡಲು ಒಪ್ಪದೆ ಇದ್ದ ಹೊತ್ತಿನಲ್ಲೇ.

ಕಾಫಿ ಸೀಮೆಯ ಕುಟುಂಬಗಳಿಗೆ ಹತ್ತಿರವಾದ ಇನ್ನೊಂದು ತೀರ್ಪಿದೆ. ಪತ್ರಿಕೆಗಳಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ. ನಮ್ಮಲ್ಲಿ ತೋಟ, ಮನೆ ಸಾಮಾನ್ಯವಾಗಿ ಮಾವನ ಹೆಸರಿನಲ್ಲಿರುತ್ತದೆ. ಜಗಳವಾದಾಗ "ಇದು ನನ್ನ ಮಗನ ಮನೆಯಲ್ಲ, ನನ್ನ ಮನೆ, ಹೊರಡು" ಎಂಬ ಮಾತು ಬರುತ್ತದೆ. 2006ರ ಒಂದು ತೀರ್ಪು ಆ ಮಾತಿಗೆ ಬಲ ಕೊಟ್ಟಿತ್ತು. 2020ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ, ಸೊಸೆ ಸಂಸಾರ ನಡೆಸಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಆಕೆ ಕೇಳಬಹುದು. ಇದು ವಾಸದ ಹಕ್ಕು ಮಾತ್ರ, ಒಡೆತನವಲ್ಲ. ಹಿರಿಯರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡಬೇಕು. 2005ರ ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಣದ ಹಿಂಸೆಯೂ ಅದರ ವ್ಯಾಪ್ತಿಯಲ್ಲಿದೆ. ಬಟವಾಡೆಯ ದಿನ ಹೆಂಡತಿ ಕಿಲೋ ಲೆಕ್ಕದಲ್ಲಿ ಹಣ್ಣು ಕುಯ್ದು ಸಂಪಾದಿಸಿದ್ದನ್ನು ಕಿತ್ತುಕೊಂಡು ನೇರ ಸಾರಾಯಿ ಅಂಗಡಿಗೆ ನಡೆಯುವವರು ಇದನ್ನು ತಿಳಿದಿರಲಿ.

ಸಂಗಾತಿಯ ಆಯ್ಕೆಯ ವಿಷಯಕ್ಕೆ ಬಂದರೆ, ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೇರವಾಗಿದೆ. ಪ್ರಾಪ್ತ ವಯಸ್ಸಿನ ಇಬ್ಬರು ಮದುವೆಗೆ ಒಪ್ಪಿದರೆ ಮನೆಯವರ, ಕುಲದವರ ಅಪ್ಪಣೆ ಕಾನೂನಿಗೆ ಬೇಕಿಲ್ಲ. ತಂದೆತಾಯಿಗಳಿಗೆ ಇದು ನುಂಗಲಾರದ ತುತ್ತು, ನಮಗೆ ಗೊತ್ತು. ಅನ್ಯಧರ್ಮದವರೊಡನೆ ಮದುವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕೆಂಬ ನಮ್ಮ ನಿಯಮವೂ ಹಾಗೆಯೇ ಇದೆ. ಮಕ್ಕಳೊಡನೆ ಮಾತನಾಡಿ, ಬುದ್ಧಿ ಹೇಳಿ, ಅಳಬೇಕಾದರೆ ಅಳಿ. ಕೋಣೆಯಲ್ಲಿ ಕೂಡಿಹಾಕುವ ಅಧಿಕಾರ ಮಾತ್ರ ಇಲ್ಲ. ನಜರೇತಿಗೆ ಬಂದ ಗಬ್ರಿಯೇಲ ದೂತನು ಹುಡುಗಿಯ ತಂದೆಯನ್ನಾಗಲಿ, ನಿಶ್ಚಿತಾರ್ಥವಾಗಿದ್ದ ಜೋಸೆಫರನ್ನಾಗಲಿ ಮೊದಲು ಕಾಣಲಿಲ್ಲ. ದೇವರು ಕೇಳಿದ್ದು ಆಕೆಯನ್ನೇ, ಉತ್ತರಕ್ಕೆ ಕಾದದ್ದೂ ಆಕೆಯ ಬಾಯಿಂದಲೇ.

ಬಹಿರಂಗವಾಗಿ ಮಾತನಾಡಲು ಸಂಕೋಚಪಡುವ ವಿಷಯವೊಂದು ಉಳಿದಿದೆ. ಗಂಡನು ಹೆಂಡತಿಯ ಇಚ್ಛೆಗೆ ವಿರುದ್ಧವಾಗಿ ಆಕೆಯ ದೇಹದ ಮೇಲೆ ಬಲಪ್ರಯೋಗ ಮಾಡಿದರೆ? ವಿವಾಹಿತನೆಂಬ ಕಾರಣಕ್ಕೆ ಅವನಿಗೆ ವಿನಾಯಿತಿ ಕೊಡಲಾಗದು ಎಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2022ರ ಮಾರ್ಚಿನಲ್ಲಿ ಒಂದು ಪ್ರಕರಣದಲ್ಲಿ ಹೇಳಿದರು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಹೆಂಡತಿಗೆ 18 ತುಂಬಿದ್ದರೆ ಗಂಡನಿಗೆ ಅತ್ಯಾಚಾರದ ಕಲಮಿನಿಂದ ವಿನಾಯಿತಿಯನ್ನು ಉಳಿಸಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆರಂಭವಾದ ವಿಚಾರಣೆ ಆ ಪೀಠದ ಮುಂದೆ ಮುಗಿಯಲಿಲ್ಲ. ಕಾನೂನು ಯಾವ ಕಡೆ ವಾಲಲಿ, ಕಥೋಲಿಕ ಗಂಡನಿಗೆ ಉತ್ತರ 1968ರಲ್ಲೇ ಸಿಕ್ಕಿದೆ. ಕುಟುಂಬ ಯೋಜನೆಯ ವಿಷಯಕ್ಕಾಗಿ ಮಾತ್ರ ನಾವು ನೆನಪಿಡುವ ಆರನೇ ಪೌಲರ ವಿಶ್ವಪತ್ರದ 13ನೇ ಪರಿಚ್ಛೇದದಲ್ಲಿ, ಸಂಗಾತಿಯ ಸ್ಥಿತಿಯನ್ನೂ ಇಚ್ಛೆಯನ್ನೂ ಲೆಕ್ಕಿಸದೆ ಹೇರಿದ ಕೂಡುವಿಕೆ ಪ್ರೀತಿಯ ಕ್ರಿಯೆಯೇ ಅಲ್ಲ, ನೈತಿಕ ನಿಯಮಕ್ಕೆ ವಿರುದ್ಧ ಎಂದಿದೆ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ಪರಿಚ್ಛೇದವನ್ನು ವರರಿಗೆ ಗಟ್ಟಿಯಾಗಿ ಓದಿ ಹೇಳಬೇಕು.

ಪೌಲರ ಆ "ವಿಧೇಯತೆ"ಯ ಮಾತಿಗೂ ಜಗದ್ಗುರು ಎರಡನೇ ಜಾನ್ ಪಾಲರು 1988ರಲ್ಲಿ ಅರ್ಥ ಬಿಡಿಸಿದ್ದಾರೆ: ಎಫೆಸದವರಿಗೆ ಬರೆದ ಪತ್ರದ ಬೆಳಕಿನಲ್ಲಿ ನೋಡಿದರೆ, ಆ ವಿಧೇಯತೆ ಒಬ್ಬರದ್ದಲ್ಲ, ಪರಸ್ಪರವಾದದ್ದು. ಧರ್ಮಸಭೆಯ ಕಾನೂನೂ ಈ ದಾರಿಯಲ್ಲಿ ಬೆಳೆದು ಬಂದಿದೆ. 1917ರ ಸಂಹಿತೆಯಲ್ಲಿ ಹೆಂಡತಿಯ ನೆಲೆ ಗಂಡನ ನೆಲೆಯೇ ಆಗಿತ್ತು. 1983ರ ಸಂಹಿತೆ ಅದನ್ನು ಬಿಟ್ಟು, ದಾಂಪತ್ಯದಲ್ಲಿ ಇಬ್ಬರಿಗೂ ಸಮಾನ ಹಕ್ಕು, ಸಮಾನ ಕರ್ತವ್ಯ ಎಂದು 1135ನೇ ನಿಯಮದಲ್ಲಿ ಬರೆಯಿತು.

ಕಾನೂನಿನ ನೆರವು ಬೇಕಾದವರಿಗೆ ಒಂದು ಸೂಚನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ಸೇವೆ ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಡಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೂ ಅಲ್ಲಿ ಬರೆದುಕೊಳ್ಳುತ್ತಾರೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಹೋಗುವಾಗ ಇಗರ್ಜಿಯ ವಿವಾಹ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಅದನ್ನು ಗುರುಮನೆಯಲ್ಲಿ ಕೇಳಿ ಪಡೆಯಲು ಗಂಡನ ಸಹಿ ಬೇಕಾಗಿಲ್ಲ.